ಮಗ ಗೋಧಿ ಕೊಯ್ಲಿನ ತಂಡದ ಜೊತೆ ಮೂರು ತಿಂಗಳು ಹೋಗುತ್ತಾನಂತೆ, ಕಳಿಸಬಹುದಾ?

ಮಲ್ಲಿಗೆಬಳ್ಳಿ:

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಕನ್ಸಾಸ್ ರಾಜ್ಯಕ್ಕೆ ಬಂದು ಹದಿನಾರು ವರ್ಷ ಆಯಿತು. ಎತ್ತ ತಿರುಗಿದರೂ ಗೋಧಿ ಹೊಲ. ಆದರೂ ನಮಗೂ ಆ ಹೊಲಕ್ಕೂ ಇರುವ ನಂಟು ಕಾರಿನ ಕಿಟಕಿಯಿಂದ ನೋಡುವಷ್ಟೇ. ಯಜಮಾನರದು ಕಂಪ್ಯೂಟರ್ ಕೆಲಸ, ನಾನು ಒಂದು ಶಾಲೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ.

ಮಗನಿಗೆ 19. ಕಾಲೇಜಿನ ಎರಡನೇ ವರ್ಷ ಮುಗಿಯುತ್ತಾ ಬಂತು. ಅವನ ರೂಮ್‌ಮೇಟ್‌ನ ದೊಡ್ಡಪ್ಪ ಬಾಡಿಗೆಗೆ ಗೋಧಿ ಕೊಯ್ದು ಕೊಡುವ ತಂಡ ಇಟ್ಟುಕೊಂಡಿದ್ದಾರೆ, ಇಲ್ಲಿಯವರು ಕಸ್ಟಮ್ ಕಟರ್ ಅನ್ನುತ್ತಾರಲ್ಲ, ಅದು. ಮೇ ಮೂರನೇ ವಾರ ಟೆಕ್ಸಾಸ್‌ಗೆ ಹೋಗಿ ಶುರು ಮಾಡಿ, ಅಲ್ಲಿಂದ ಕೊಯ್ಯುತ್ತಾ ಕೊಯ್ಯುತ್ತಾ ಮೊಂಟಾನಾವರೆಗೆ ಹೋಗುತ್ತಾರಂತೆ. ಇವನು ಆಗಸ್ಟ್ ಮಧ್ಯದವರೆಗೆ ಅವರ ಜೊತೆ ಇರುತ್ತಾನಂತೆ. ಸಿಕ್ಕಿದ್ದ ಇಂಟರ್ನ್‌ಶಿಪ್ ಬೇಡವಂತೆ. ನಾಲ್ಕು ದೊಡ್ಡ ಮಷೀನುಗಳು ಸಂಜೆ ಬೆಳಕಲ್ಲಿ ಸಾಲಾಗಿ ಹೋಗುವ ವಿಡಿಯೋ ತೋರಿಸಿದ. ಚೆಂದವೇ ಇದೆ, ಇಲ್ಲ ಅನ್ನಲ್ಲ. ಆದರೆ ಆ ವಿಡಿಯೋದಲ್ಲಿ ಯಾರೂ ಬಟ್ಟೆ ಒಗೆಯುವುದು ಕಾಣಲ್ಲ, ಅಲ್ವಾ?

ಬೆಳಿಗ್ಗೆ ಎಂಟಕ್ಕೆ ಎಬ್ಬಿಸಿದರೆ ಮುಖ ದಪ್ಪ ಮಾಡುವ ಹುಡುಗ ಇವನು. ದಿನಕ್ಕೆ 14 ಗಂಟೆ ಕೆಲಸ ಇರುತ್ತದಂತೆ. ಮಲಗುವುದು ಎಲ್ಲಿ, ಊಟ ಯಾರು ಹಾಕುತ್ತಾರೆ, ಜೊತೆಗಿರುವವರು ಎಂಥವರು, ಏನೂ ಗೊತ್ತಿಲ್ಲ. ಮಾಂಸ ತಿನ್ನುವುದಿಲ್ಲ ಬೇರೆ. ಇವರಪ್ಪ "ಹೋಗಲಿ ಬಿಡು, ಕೈಗೆ ಸ್ವಲ್ಪ ಮಣ್ಣು ಹತ್ತಲಿ" ಅಂತ ಸುಮ್ನೆ ಇದ್ದುಬಿಟ್ಟಿದ್ದಾರೆ. ನನಗೆ ಒಂದು ವಾರದಿಂದ ನಿದ್ದೆ ಇಲ್ಲ. ಈ ಕೆಲಸ ಮಾಡಿದವರು ಅಥವಾ ಹತ್ತಿರದಿಂದ ಕಂಡವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಧೈರ್ಯ ಹೇಳಲಿಕ್ಕೆ ಅಂತ ಏನೂ ಹೇಳಬೇಡಿ.

ಕೂಳೆಹೊಲ:

ಅಕ್ಕ, ನಾನು ಇಂಥ ತಂಡದಲ್ಲಿ ಎರಡು ಸೀಸನ್ ಇದ್ದೆ. ಆಗ ನನಗೆ 22. ಕಳಿಸಬಹುದಾ ಅನ್ನುವುದು ಮಾಲೀಕ ಎಂಥವನು ಅನ್ನುವುದರ ಮೇಲೆ ನಿಂತಿದೆ. ಆದರೆ ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ವಿಡಿಯೋ ನೋಡಿ ಬಂದ ಹುಡುಗರ ಮುಖ ಮೊದಲ ವಾರವೇ ಸಪ್ಪಗಾಗಿದ್ದನ್ನು ಕಂಡಿದ್ದೇನೆ.

ಒಬ್ಬ ರೈತನಿಗೆ ಗೋಧಿ ಕೊಯ್ಲು ಅಂದರೆ ವರ್ಷಕ್ಕೆ ಒಂದು ಹತ್ತು ದಿನ. ಒಂದು ದೊಡ್ಡ ಕಂಬೈನ್‌ಗೆ, ಅಂದರೆ ಕೊಯ್ದು ಕಾಳು ಬಿಡಿಸುವ ಮಷೀನಿಗೆ, ಐದು ಲಕ್ಷ ಡಾಲರ್ ದಾಟುತ್ತದೆ. ಹತ್ತು ದಿನಕ್ಕೆ ಅಷ್ಟು ದುಡ್ಡು ಯಾರು ಹಾಕುತ್ತಾರೆ? ಅದಕ್ಕೇ ಈ ತಂಡಗಳು. ಗೋಧಿ ದಕ್ಷಿಣದಲ್ಲಿ ಮೊದಲು ಒಣಗುತ್ತದೆ, ಆಮೇಲೆ ಒಂದೊಂದೇ ಸೀಮೆ ಮೇಲಕ್ಕೆ. ತಂಡ ಅದರ ಬೆನ್ನು ಹಿಡಿದು ಹೋಗುತ್ತದೆ. ಮೇ ಕೊನೆಗೆ ಟೆಕ್ಸಾಸ್‌ನ ವಿಚಿಟಾ ಫಾಲ್ಸ್ ಸುತ್ತಮುತ್ತ, ಅಲ್ಲಿಂದ ಒಕ್ಲಹೋಮಾದ ಫ್ರೆಡರಿಕ್, ಜೂನ್ ಮಧ್ಯಕ್ಕೆ ಕನ್ಸಾಸ್ ಗಡಿಯ ಕೈಯೋವಾ, ಜುಲೈ ಮೊದಲಿಗೆ ನಿಮ್ಮ ರಾಜ್ಯದ ಪಶ್ಚಿಮದ ಕಾಲ್ಬಿ, ಗುಡ್‌ಲ್ಯಾಂಡ್. ಆಮೇಲೆ ನೆಬ್ರಾಸ್ಕಾದ ಸಿಡ್ನಿ, ಸೌತ್ ಡಕೋಟಾದ ಒನೈಡಾ, ಆಗಸ್ಟ್‌ನಲ್ಲಿ ಮೊಂಟಾನಾದ ಹ್ಯಾವರ್. ಕೆಲವರು ಗಡಿ ದಾಟಿ ಕೆನಡಾಕ್ಕೂ ಹೋಗುತ್ತಾರೆ. ರಸ್ತೆ ಲೆಕ್ಕದಲ್ಲಿ 2,000 ಕಿಲೋಮೀಟರ್‌ಗೂ ಜಾಸ್ತಿ. ಇದು ಒಂದು ಅಂದಾಜು ಅಷ್ಟೇ, ಪ್ರತಿ ತಂಡಕ್ಕೂ ಅದರದೇ ಊರುಗಳು, ಅದರದೇ ರೈತರು ಇರುತ್ತಾರೆ. ಅಪ್ಪನ ಕಾಲದಿಂದ ಅದೇ ಹೊಲಕ್ಕೆ ಹೋಗುವವರೂ ಇದ್ದಾರೆ.

ಈಗ ಮುಖ್ಯ ವಿಷಯ. ನಿಮ್ಮ ಮಗ ಮೊದಲ ವರ್ಷ ಕಂಬೈನ್ ಸೀಟಿನಲ್ಲಿ ಕೂರುವುದು ಕಮ್ಮಿ. ಹೊಸಬರಿಗೆ ಸಿಗುವುದು ಲಾರಿ, ಇಲ್ಲವೆ ಗ್ರೇನ್ ಕಾರ್ಟ್. ಗ್ರೇನ್ ಕಾರ್ಟ್ ಅಂದರೆ ಟ್ರ್ಯಾಕ್ಟರ್‌ಗೆ ಕಟ್ಟಿದ ದೊಡ್ಡ ತೊಟ್ಟಿ. ಕಂಬೈನ್ ಓಡುತ್ತಿರುವಾಗಲೇ ಅದರ ಪಕ್ಕಕ್ಕೆ ಬಂದು, ಅದೇ ವೇಗದಲ್ಲಿ, ಅದರ ಕೊಳವೆ ಸರಿಯಾಗಿ ತೊಟ್ಟಿಯ ಮೇಲೆ ಬರುವಂತೆ ಓಡಿಸಬೇಕು. ಕಂಬೈನ್ ನಿಲ್ಲುವುದಿಲ್ಲ, ನಿಂತರೆ ದುಡ್ಡು ನಿಂತ ಹಾಗೆ. ಒಂದು ಅಡಿ ಆಚೆ ಈಚೆ ಆದರೆ ಕಾಳು ನೆಲಕ್ಕೆ. ಮೊದಲ ದಿನ ನನ್ನ ಕುತ್ತಿಗೆ ಹಿಂದಕ್ಕೆ ತಿರುಗಿ ತಿರುಗಿ ಹಾಗೇ ಹಿಡಿದುಕೊಂಡಿತ್ತು.

ಬೆಳಿಗ್ಗೆ ಏಳಕ್ಕೆ ಹೊಲದಲ್ಲಿ ಇರಬೇಕು. ಆದರೆ ಆಗ ಕೊಯ್ಯಲು ಆಗಲ್ಲ, ಇಬ್ಬನಿ ಇರುತ್ತದೆ. ಗ್ರೀಸ್ ಹಾಕು, ಗಾಳಿ ಹೊಡೆದು ಹೊಟ್ಟು ತೆಗೆ, ಡೀಸೆಲ್ ತುಂಬು, ಬೆಲ್ಟು ಚೈನು ನೋಡು, ಗಾಜು ಒರೆಸು. ಹತ್ತು ಹನ್ನೊಂದರ ಹೊತ್ತಿಗೆ ಒಂದು ಸುತ್ತು ಕೊಯ್ದು ಕಾಳು ಪರೀಕ್ಷೆಗೆ ಕಳಿಸುತ್ತಾರೆ. ತೇವ 13.5 ಶೇಕಡಾದ ಆಸುಪಾಸಿಗಿಂತ ಜಾಸ್ತಿ ಇದ್ದರೆ ಎಲಿವೇಟರ್‌ನವರು, ಅಂದರೆ ಕಾಳು ಕೊಂಡು ತುಂಬಿಡುವ ದೊಡ್ಡ ಕಣಜದವರು, ದುಡ್ಡು ಹಿಡಿಯುತ್ತಾರೆ. ಹಳೇ ರೈತರಿಗೆ ಮೀಟರ್ ಬೇಕಿಲ್ಲ, ನಾಲ್ಕು ಕಾಳು ಬಾಯಿಗೆ ಹಾಕಿ ಕಚ್ಚಿ, ಕಟ್ ಅಂದರೆ ಸರಿ, ಮೆತ್ತಗಿದ್ದರೆ ಇನ್ನೊಂದು ಗಂಟೆ ಅನ್ನುತ್ತಾರೆ. ಶುರುವಾದರೆ ರಾತ್ರಿ ಹನ್ನೊಂದು ಹನ್ನೆರಡು, ಹುಲ್ಲು ಮತ್ತೆ ಮೆತ್ತಗಾಗಿ ಮಷೀನು ಗೊಣಗುವವರೆಗೆ.

ನನ್ನ ಒಂದು ಕಥೆ ಹೇಳುತ್ತೇನೆ. ನಾನು ಲಾರಿ ಓಡಿಸುತ್ತಿದ್ದೆ. ಟ್ರೇಲರ್‌ನ ಅಡಿಗೆ ಎರಡು ಬಾಗಿಲು ಇರುತ್ತವೆ, ಎಲಿವೇಟರ್‌ನಲ್ಲಿ ಅದನ್ನು ತೆರೆದರೆ ಕಾಳು ಕೆಳಗಿನ ಗುಂಡಿಗೆ ಸುರಿಯುತ್ತದೆ. ಖಾಲಿಯಾದ ಮೇಲೆ ಹಿಡಿಕೆ ತಿರುಗಿಸಿ ಮುಚ್ಚಬೇಕು. ಹಿಂದೆ ಹದಿನೈದು ಲಾರಿ ಕಾಯುತ್ತಿದ್ದವು, ಹಾರ್ನ್ ಬೇರೆ. ನಾನು ಹಿಂದಿನ ಬಾಗಿಲು ಪೂರ್ತಿ ಮುಚ್ಚದೆ ಬಂದುಬಿಟ್ಟೆ. ಹೊಲದಲ್ಲಿ ಕಾರ್ಟ್‌ನವನು ಬಂದು ಸುರಿದ. ಸುರಿಯುವ ಸದ್ದಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅವನು ಪಕ್ಕಕ್ಕೆ ಸರಿದ ಮೇಲೆ ನೋಡುತ್ತೇನೆ, ಚಕ್ರದ ಹತ್ತಿರ ಕೆಂಪು ಗುಡ್ಡ ಬೆಳೆಯುತ್ತಿದೆ. ಸುಮಾರು ಮೂವತ್ತು ಬುಶೆಲ್, ಅಂದರೆ ಎಂಟುನೂರು ಕಿಲೋ. ಮಾಲೀಕ ಬಂದ, ನೋಡಿದ, ಒಂದು ಮಾತು ಆಡಲಿಲ್ಲ. ಪಿಕಪ್‌ನಿಂದ ಒಂದು ಸಲಿಕೆ ತಂದು ನನ್ನ ಕೈಗೆ ಕೊಟ್ಟು ಹೋದ. ಮೇಲಿಂದ 38 ಡಿಗ್ರಿ ಬಿಸಿಲು. ಆಮೇಲೆ ಆ ಬಾಗಿಲನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ, ಈಗಲೂ ಕಾರ್ ಲಾಕ್ ಆಗಿದೆಯಾ ಅಂತ ಮೂರು ಸಲ ನೋಡುವ ಚಟ ಅಲ್ಲಿಂದಲೇ ಬಂದದ್ದು.

ಆ ಸಲಿಕೆ ಕೊಟ್ಟವನ ಹತ್ತಿರ ನಾನು ಎರಡನೇ ವರ್ಷವೂ ಹೋದೆ. ಅದೇ ರೀತಿ ತಪ್ಪಾದಾಗ ಎಲ್ಲರೆದುರು ರೇಡಿಯೋದಲ್ಲಿ ಕಿರುಚುವ ಮಾಲೀಕರೂ ಇದ್ದಾರೆ. ಅಂಥವನಾದರೆ ಬೇಡ. ನಿಮ್ಮ ಮಗನಿಗೆ ಹೇಳಿ, ಕಳೆದ ವರ್ಷ ಕೆಲಸ ಮಾಡಿದ ಇಬ್ಬರ ನಂಬರ್ ಕೇಳಿ ಮಾತಾಡಲಿ. ಅವರಿಗೆ ಒಂದೇ ಪ್ರಶ್ನೆ: ಈ ವರ್ಷವೂ ಹೋಗುತ್ತೀರಾ? ಉತ್ತರ ತಡವಾದರೆ ಅರ್ಥ ಮಾಡಿಕೊಳ್ಳಿ.

ಬಿಸಿಲುಮಚ್ಚು:

ರೀ ಮಲ್ಲಿಗೆಬಳ್ಳಿ, ಬಟ್ಟೆ ಒಗೆಯುವುದು ವಿಡಿಯೋದಲ್ಲಿ ಕಾಣಲ್ಲ ಅಂದಿರಲ್ಲ, ಓದಿ ನಗು ಬಂತು. ನಾನು ಒಂದು ಬೇಸಿಗೆ ಒಂಬತ್ತು ಜನರ ತಂಡಕ್ಕೆ ಅಡುಗೆ ಮಾಡಿದ್ದೇನೆ, ಬಟ್ಟೆಯೂ ಒಗೆದಿದ್ದೇನೆ. ಹಾಗಾಗಿ ಊಟ, ಮಲಗುವುದು, ಒಗೆಯುವುದು ನನಗೆ ಬಿಡಿ.

ಮಲಗುವುದು ಎಳೆದುಕೊಂಡು ಹೋಗುವ ಟ್ರೇಲರ್ ಮನೆಗಳಲ್ಲಿ. ಒಂದರಲ್ಲಿ ನಾಲ್ಕು ಹುಡುಗರು, ಒಂದರ ಮೇಲೊಂದು ಮಂಚ. ಎಸಿ ಇರುತ್ತದೆ. ಊರಾಚೆಯ ಜಾತ್ರೆ ಮೈದಾನದಲ್ಲೋ, ಇಂಥ ಗಾಡಿಮನೆ ನಿಲ್ಲಿಸುವ ಆರ್‌ವಿ ಪಾರ್ಕ್‌ನಲ್ಲೋ, ರೈತನ ಅಂಗಳದಲ್ಲೋ ನಿಲ್ಲಿಸುತ್ತಾರೆ. ಬಿಸಿನೀರು ಇಬ್ಬರಿಗೆ ಸಾಕಾಗುತ್ತದೆ, ಮೂರನೆಯವನಿಗೆ ತಣ್ಣೀರು. ಯಾರು ಮೊದಲು ಸ್ನಾನ ಅನ್ನುವುದೇ ಆ ಮನೆಯ ರಾಜಕೀಯ.

ಊಟ ಹೆಚ್ಚಿನ ತಂಡಗಳಲ್ಲಿ ಮಾಲೀಕನ ಹೆಂಡತಿಯದೋ, ನನ್ನಂಥ ಅಡುಗೆಯವಳದೋ ಜವಾಬ್ದಾರಿ. ಮಧ್ಯಾಹ್ನಕ್ಕೆ ಸ್ಯಾಂಡ್‌ವಿಚ್ ಕಟ್ಟಿ ಕೊಡುತ್ತೇವೆ, ಓಡಿಸುತ್ತಲೇ ತಿನ್ನುತ್ತಾರೆ. ರಾತ್ರಿ ಊಟ ಹೊಲಕ್ಕೇ ಹೋಗುತ್ತದೆ. ಬಿಸಿ ಪಾತ್ರೆಗಳನ್ನು ಟವೆಲ್‌ನಲ್ಲಿ ಸುತ್ತಿ ಪಿಕಪ್‌ನಲ್ಲಿಟ್ಟು, ಯಾವ ಹೊಲ ಅಂತ ಹುಡುಕಿಕೊಂಡು ಮಣ್ಣುರಸ್ತೆಯಲ್ಲಿ ಹೋಗಬೇಕು. ಅಲ್ಲಿ ಬೋರ್ಡ್ ಇರುವುದಿಲ್ಲ. "ಎರಡು ಮೈಲಿ ಉತ್ತರಕ್ಕೆ ಬಂದು ಒಂದೂವರೆ ಮೈಲಿ ಪಶ್ಚಿಮಕ್ಕೆ" ಅಂತ ರೇಡಿಯೋದಲ್ಲಿ ಹೇಳುತ್ತಾರೆ, ಅಷ್ಟೇ. ಧೂಳು ಎಲ್ಲಿ ಎದ್ದಿದೆ ನೋಡಿ ಹೋಗುವುದನ್ನು ನಾನು ಒಂದೇ ವಾರದಲ್ಲಿ ಕಲಿತೆ. ಪಿಕಪ್ ಹಿಂಬಾಗಿಲು ಇಳಿಸಿದರೆ ಅದೇ ಮೇಜು. ಗಾಳಿಗೆ ಕಾಗದದ ತಟ್ಟೆ ಹಾರುತ್ತದೆ ಅಂತ ಪ್ರತಿ ತಟ್ಟೆ ಮೇಲೆ ಮೊದಲು ಆಲೂಗಡ್ಡೆ ಬಡಿಸುತ್ತಿದ್ದೆ, ತೂಕಕ್ಕೆ! ಒಬ್ಬೊಬ್ಬರೇ ಬಂದು ಹದಿನೈದು ನಿಮಿಷದಲ್ಲಿ ತಿಂದು ಮತ್ತೆ ಮಷೀನ್ ಹತ್ತುತ್ತಾರೆ.

ಮಾಂಸ ತಿನ್ನದವನು ಇದ್ದರೆ ಸ್ವಲ್ಪ ಕಷ್ಟ, ಸುಳ್ಳು ಹೇಳಲ್ಲ. ಆ ಅಡುಗೆಯಲ್ಲಿ ಮಾಂಸ ಇಲ್ಲದ್ದು ಅಂದರೆ ಆಲೂಗಡ್ಡೆ, ಜೋಳದ ಕಾಳು, ಬೀನ್ಸ್, ಬ್ರೆಡ್ಡು, ಕೇಕು. ಹೊರಡುವ ಮೊದಲೇ ಅಡುಗೆಯವರಿಗೆ ಫೋನ್ ಮಾಡಿ ಹೇಳಲಿ. ಅಲ್ಲಿ ಹೋದ ಮೇಲೆ ತಟ್ಟೆ ಮುಂದೆ ನಿಂತು ಹೇಳಿದರೆ ಅವಳಿಗೂ ಬೇಜಾರು, ಇವನಿಗೂ ಉಪವಾಸ. ನಮ್ಮಲ್ಲೂ ಅಂಥ ಹುಡುಗ ಒಬ್ಬ ಇದ್ದ, ಒಂದು ಚಿಕ್ಕ ಕುಕ್ಕರ್ ತಂದಿದ್ದ. ಮಳೆ ಬಂದ ದಿನ ಅನ್ನ, ಬೇಳೆ ಮಾಡಿ ಎಲ್ಲರಿಗೂ ಬಡಿಸಿದ. ಮಾರನೇ ದಿನದಿಂದ ಇನ್ನಿಬ್ಬರು ಅವನ ಪಾತ್ರೆ ಇಣುಕಿ ನೋಡುತ್ತಿದ್ದರು.

ಒಗೆಯುವುದು ಊರಿನ ಲಾಂಡ್ರೊಮ್ಯಾಟ್‌ನಲ್ಲಿ. ಜೇಬು ಖಾಲಿ ಮಾಡದೆ ಹಾಕಿದರೆ ಡ್ರಮ್ ತುಂಬ ಗೋಧಿ. ನಮಗೆ ಒಂದು ಊರಲ್ಲಿ "ಕೊಯ್ಲಿನವರು ಈ ಎರಡು ಮಷೀನ್ ಮಾತ್ರ ಬಳಸಿ" ಅಂತ ಚೀಟಿ ಅಂಟಿಸಿದ್ದರು.

ಕೆಲಸ ಜಾಸ್ತಿ ಇದ್ದಾಗ ಯಾರಿಗೂ ಮನೆ ನೆನಪಾಗುವುದಿಲ್ಲ. ಮಳೆ ಬಂದಾಗ ನೋಡಿ. ಮೂರು ದಿನ ಮಳೆ ಅಂದರೆ ಮೂರು ದಿನ ಆ ಡಬ್ಬದೊಳಗೆ ನಾಲ್ಕು ಜನ, ಒದ್ದೆ ಶೂಗಳ ವಾಸನೆ. ಜಗಳ ಆಗುವುದು ಆಗಲೇ. ಅಮ್ಮನಿಗೆ ಫೋನ್ ಬರುವುದೂ ಆಗಲೇ. ಸಂಜೆ ಏಳಕ್ಕೆ ನೀವು ಫೋನ್ ಮಾಡಬೇಡಿ, ಎತ್ತುವುದಿಲ್ಲ, ನೀವು ಇಲ್ಲಿ ಸುಮ್ನೆ ಗಾಬರಿ ಆಗುತ್ತೀರಿ. ಬೆಳಿಗ್ಗೆ ಒಂಬತ್ತೂವರೆ, ಇಬ್ಬನಿ ಆರುವ ಹೊತ್ತು, ಅದು ಅವರು ಮಾತಿಗೆ ಸಿಗುವ ಹೊತ್ತು.

ಹದಿನೆಂಟುಚಕ್ರ:

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಆದರೆ ತಾಯಿ ಕೇಳಿದ್ದು ಇದ್ದದ್ದು ಇದ್ದ ಹಾಗೆ ಹೇಳಿ ಅಂತ. ಅಪಾಯದ ಮಾತು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ನಾನು ಲಾರಿ ಓಡಿಸುವವನು, ಕೊಯ್ಲಿನ ಕಾಲದಲ್ಲಿ ಧಾನ್ಯದ ಲೋಡು ತುಂಬ ಹೊತ್ತಿದ್ದೇನೆ.

ಒಂದನೆಯದು ಬೆಂಕಿ. ಒಣ ಹೊಟ್ಟು, ಬಿಸಿ ಎಂಜಿನ್, ಸವೆದ ಬೇರಿಂಗ್, ಗಂಟೆಗೆ ಐವತ್ತು ಕಿಲೋಮೀಟರ್ ಗಾಳಿ. ಬೆಳಿಗ್ಗೆ ಗಾಳಿ ಹೊಡೆದು ಹೊಟ್ಟು ತೆಗೆಯುವುದು ಚೆಂದಕ್ಕಲ್ಲ, ಅದಕ್ಕೇ. ಮಷೀನಿನಲ್ಲಿ ಕ್ಯಾಬಿನ್ ಒಳಗೆ ಒಂದು, ನೆಲದಿಂದ ಕೈಗೆ ಸಿಗುವಂತೆ ಒಂದು, ಎರಡು ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಎರಡನೆಯದು ಕರೆಂಟ್ ತಂತಿ. ಟ್ರೇಲರ್, ಕೊಳವೆ, ರೇಡಿಯೋ ಆಂಟೆನಾ ಯಾವುದು ತಾಗಿದರೂ ಅಷ್ಟೇ. ತಾಗಿದರೆ ಕ್ಯಾಬಿನ್‌ನಲ್ಲೇ ಕೂತಿರಬೇಕು, ಕರೆಂಟ್ ಕಂಪನಿಯವರು ಲೈನ್ ಆಫ್ ಮಾಡಿದೆವು ಅನ್ನುವವರೆಗೆ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ಹಾರಬೇಕು, ನೆಲ ಮತ್ತು ಮಷೀನು ಎರಡನ್ನೂ ಒಟ್ಟಿಗೆ ಮುಟ್ಟಬಾರದು. ಆಮೇಲೆ ಕಾಲು ಎತ್ತದೆ ಸಣ್ಣಗೆ ಜರುಗುತ್ತಾ ದೂರ ಹೋಗಬೇಕು. ಇದು ಅವನಿಗೆ ಕಂಠಪಾಠ ಇರಲಿ. ಇನ್ನು ಕಾಳು ಸುರಿಯುತ್ತಿರುವಾಗ ತೊಟ್ಟಿಯೊಳಗೆ ಇಳಿಯುವುದಂತೂ ಬೇಡವೇ ಬೇಡ. ಸಿಕ್ಕಿಕೊಂಡ ಕಾಳು ಒದ್ದು ಬಿಡಿಸುತ್ತೇನೆ ಅಂತ ಇಳಿದವನನ್ನು ಕಾಳು ಸೆಕೆಂಡುಗಳಲ್ಲಿ ಎಳೆದುಕೊಳ್ಳುತ್ತದೆ.

ಆದರೆ ನನಗೆ ಇದೆಲ್ಲಕ್ಕಿಂತ ಭಯ ನಿದ್ದೆಯದು. ಹತ್ತು ದಿನ ಬಿಡದೆ ರಾತ್ರಿ ಹನ್ನೆರಡಕ್ಕೆ ಮಲಗಿ ಆರಕ್ಕೆ ಎದ್ದವನು 36 ಟನ್ ಲಾರಿಯನ್ನು ಎರಡು ಲೇನ್ ರಸ್ತೆಯಲ್ಲಿ ಓಡಿಸುತ್ತಾನೆ. 80,000 ಪೌಂಡ್ ಅದು, ಬ್ರೇಕ್ ಒತ್ತಿದ ಕೂಡಲೇ ನಿಲ್ಲುವುದಲ್ಲ.

ಲೈಸೆನ್ಸ್ ವಿಷಯ: ಸೆಮಿ, ಅಂದರೆ ಟ್ರೇಲರ್ ಎಳೆಯುವ ದೊಡ್ಡ ಲಾರಿ ಓಡಿಸಲು ಎ ಕ್ಲಾಸ್ ಸಿಡಿಎಲ್, ಅಂದರೆ ವಾಣಿಜ್ಯ ವಾಹನದ ಲೈಸೆನ್ಸ್ ಬೇಕು. 2022ರ ಫೆಬ್ರವರಿಯಿಂದ ಅದಕ್ಕೆ ಮೊದಲು ನಿಗದಿತ ತರಬೇತಿ ಕಡ್ಡಾಯ. ರಾಜ್ಯ ದಾಟಿ ಓಡಿಸಲು ಸಾಮಾನ್ಯವಾಗಿ 21 ಆಗಿರಬೇಕು, ಆದರೆ ಕಸ್ಟಮ್ ಕೊಯ್ಲಿನವರಿಗೆ ಆ ವಯಸ್ಸಿನ ನಿಯಮದಿಂದ ವಿನಾಯಿತಿ ಇದೆ. ಅದಕ್ಕೇ 19ರ ಹುಡುಗರು ಅಲ್ಲಿ ಲಾರಿ ಮೇಲೆ ಕಾಣುತ್ತಾರೆ. ಕಾನೂನು ಬಿಟ್ಟಿದೆ ಅಂದ ಮಾತ್ರಕ್ಕೆ ಅನುಭವ ಬಂದುಬಿಡುವುದಿಲ್ಲ. ಮೊದಲ ವರ್ಷ ಗ್ರೇನ್ ಕಾರ್ಟ್ ಕೊಡಿ ಅಂತ ಅವನೇ ಕೇಳಲಿ.

ದುಡ್ಡು. ಹೆಚ್ಚಾಗಿ ತಿಂಗಳ ಸಂಬಳ, ಊಟ ವಸತಿ ಸೇರಿ, ಕೊನೆಗೆ ಬೋನಸ್. ಕೃಷಿ ಕೆಲಸಕ್ಕೆ ಓವರ್‌ಟೈಮ್ ಕೊಡಬೇಕು ಅಂತ ಫೆಡರಲ್ ಕಾನೂನಿನಲ್ಲಿ ಇಲ್ಲ. ಆಗಸ್ಟ್ ಮಧ್ಯಕ್ಕೆ ಬಿಟ್ಟು ಬರುವವನಿಗೆ ಬೋನಸ್ ಇದೆಯಾ ಅಂತ ಈಗಲೇ ಕೇಳಿ, ಯಾಕೆಂದರೆ ಕಾಲೇಜು ಹುಡುಗರು ಹೊರಡುವ ಹೊತ್ತಿಗೇ ಉತ್ತರದ ಕೊಯ್ಲು ಶುರು, ಮಾಲೀಕರಿಗೆ ಅದೇ ತಲೆನೋವು. ಕೊನೆಯದಾಗಿ ವಿಮೆ. ಕನ್ಸಾಸ್‌ನಲ್ಲಿ ಕೃಷಿ ಮಾಲೀಕರಿಗೆ ವರ್ಕರ್ಸ್ ಕಾಂಪ್, ಅಂದರೆ ಕೆಲಸದಲ್ಲಿ ಪೆಟ್ಟಾದರೆ ಕೆಲಸಗಾರನಿಗೆ ಸಿಗುವ ವಿಮೆ, ಕಡ್ಡಾಯ ಅಲ್ಲ. ಈ ಮಾಲೀಕ ಮಾಡಿಸಿದ್ದಾನಾ? ಕಾಗದ ತೋರಿಸಲಿ. ನನ್ನ ಮಗ ಆಗಿದ್ದರೆ ಆ ಕಾಗದ ನೋಡದೆ ಕಳಿಸುತ್ತಿರಲಿಲ್ಲ.

ಕೂಳೆಹೊಲ:

@ಹದಿನೆಂಟುಚಕ್ರ ಅಣ್ಣ, ವಿಮೆ ಮಾತು ನನಗೆ ಹೊಳೆದೇ ಇರಲಿಲ್ಲ, ಆಗ ನಾನೂ ಕೇಳಿರಲಿಲ್ಲ. ನಿದ್ದೆ ವಿಷಯದಲ್ಲಿ ಮಾತ್ರ ಸ್ವಲ್ಪ ಭಿನ್ನ. ಹತ್ತು ದಿನ ಬಿಡದೆ ಅನ್ನುವುದು ನಾನಿದ್ದ ಎರಡು ವರ್ಷದಲ್ಲಿ ಒಂದೇ ಸಲ ಆಯಿತು, ಕಾಲ್ಬಿ ಹತ್ತಿರ. ಮಧ್ಯೆ ಮಳೆಯೋ, ರಿಪೇರಿಯೋ, ಊರು ಬದಲಾಯಿಸುವುದೋ ಏನಾದರೂ ಬಂದೇ ಬರುತ್ತದೆ. ಊರು ಬದಲಾಯಿಸುವ ದಿನವೇ ನನಗೆ ಜಾಸ್ತಿ ಸುಸ್ತು. ಹೆಡರ್, ಅಂದರೆ ಕಂಬೈನ್ ಮುಂದಿನ ಕೊಯ್ಯುವ ಭಾಗ, ಬಿಚ್ಚಿ ಬೇರೆ ಟ್ರೇಲರ್‌ಗೆ, ಕಂಬೈನ್ ಇನ್ನೊಂದಕ್ಕೆ, ಚೈನ್ ಬಿಗಿ, ಕೆಂಪು ಬಾವುಟ ಕಟ್ಟು, ಅಗಲದ ಲೋಡು ಅಂತ ಬೋರ್ಡ್ ಹಾಕು. ಪ್ರತಿ ರಾಜ್ಯಕ್ಕೂ ಬೇರೆ ಪರ್ಮಿಟ್. ಹಗಲು ಮಾತ್ರ ಓಡಿಸಬೇಕು. ಮುಂದೆ ಒಂದು ಪಿಕಪ್ ಹೋಗುತ್ತಾ "ಸೇತುವೆ ಬಂತು, ಮಧ್ಯಕ್ಕೆ ಬಾ" ಅನ್ನುತ್ತಿರುತ್ತದೆ.

ಹದಿನೆಂಟುಚಕ್ರ:

ಒಂದು ಸಲ ಸಾಕಲ್ಲ ತಮ್ಮಾ.

ಮುಂಗಾರುಲೆಕ್ಕ:

ನನಗೆ ಒಂದು ಅರ್ಥ ಆಗಲಿಲ್ಲ. ಮಾಲೀಕರು ಹುಡುಗರನ್ನು ಅಷ್ಟು ಹೊತ್ತು ಯಾಕೆ ದುಡಿಸಬೇಕು, ಇನ್ನಿಬ್ಬರನ್ನು ಇಟ್ಟುಕೊಂಡು ಪಾಳಿಯಲ್ಲಿ ಮಾಡಿಸಿದರೆ ಆಗಲ್ವಾ? ಅಷ್ಟು ಲಾಭ ಇರಬೇಕಲ್ಲ?

ಕೂಳೆಹೊಲ:

ಲೆಕ್ಕ ಹೇಳುತ್ತೇನೆ. ದರಕ್ಕೆ ಮೂರು ಅಂಕಿ ಇರುತ್ತವೆ. ಉದಾಹರಣೆಗೆ 25-25-25 ಅಂದುಕೊಳ್ಳಿ. ಎಕರೆಗೆ 25 ಡಾಲರ್. ಎಕರೆಗೆ 20 ಬುಶೆಲ್ ದಾಟಿದರೆ ಮೇಲಿನ ಪ್ರತಿ ಬುಶೆಲ್‌ಗೆ 25 ಸೆಂಟ್. ಸಾಗಿಸಲು ಪ್ರತಿ ಬುಶೆಲ್‌ಗೆ 25 ಸೆಂಟ್. ಎಕರೆಗೆ 50 ಬುಶೆಲ್ ಬೆಳೆ ಇದ್ದರೆ 25, ಏಳೂವರೆ, ಹನ್ನೆರಡೂವರೆ, ಒಟ್ಟು 45 ಡಾಲರ್. 40 ಅಡಿ ಅಗಲದ ಹೆಡರ್ ಇರುವ ಮಷೀನು ಒಳ್ಳೇ ಹೊಲದಲ್ಲಿ ಗಂಟೆಗೆ 15ರಿಂದ 20 ಎಕರೆ ಕೊಯ್ಯುತ್ತದೆ. ಕೇಳಿದರೆ ಬಹಳ ಅನಿಸುತ್ತದೆ. ಅದರಲ್ಲಿ ಮಷೀನಿನ ಕಂತು, ಡೀಸೆಲ್, ಸಂಬಳ, ಪರ್ಮಿಟ್, ವಿಮೆ, ಟೈರ್ ಹೋಗಬೇಕು. ಬೆಳೆ ಬಡವಾದರೆ ಎರಡನೇ ಅಂಕಿ ಸೊನ್ನೆ, ಮೂರನೆಯದೂ ಇಳಿಯುತ್ತದೆ. 2023ರಲ್ಲಿ ಕನ್ಸಾಸ್‌ಗೆ ಬರ ಬಂದು ಎಷ್ಟೋ ಹೊಲ ಕೊಯ್ಯದೆಯೇ ಬಿಟ್ಟರು. ಆ ವರ್ಷ ಅಲ್ಲಿ ಕೊಯ್ಯಬೇಕಿದ್ದ ತಂಡಕ್ಕೆ ಕಂತು ಮಾತ್ರ ನಿಲ್ಲಲಿಲ್ಲ.

ಅಲ್ಲದೆ ಅವಸರ ದುಡ್ಡಿಗೆ ಮಾತ್ರ ಅಲ್ಲ. ಒಣಗಿ ನಿಂತ ಗೋಧಿಗೆ ಆಲಿಕಲ್ಲು ಬಿದ್ದರೆ ಹತ್ತು ನಿಮಿಷದಲ್ಲಿ ವರ್ಷದ ಬೆಳೆ ಹೋಯಿತು. ಪಶ್ಚಿಮದಲ್ಲಿ ಕಪ್ಪು ಮೋಡ ಕಟ್ಟಿದ ರಾತ್ರಿ ಹೊಲದಂಚಿಗೆ ರೈತ ತನ್ನ ಪಿಕಪ್ ತಂದು ನಿಲ್ಲಿಸಿಕೊಂಡು ಕೂತಿರುತ್ತಾನೆ, ಏನೂ ಮಾತಾಡುವುದಿಲ್ಲ. ಅವನ ಎದುರಿಗೆ ನನ್ನ ಪಾಳಿ ಮುಗಿಯಿತು ಅಂತ ಇಳಿದು ಹೋಗಲಿಕ್ಕೆ ಆಗಲ್ಲ. ಹಾಗಂತ ಅವಸರಕ್ಕೆ ವೇಗ ಹೆಚ್ಚಿಸಿದರೂ ಆಗಲ್ಲ, ಕಾಳು ಹಿಂದಿನಿಂದ ಹೊಟ್ಟಿನ ಜೊತೆ ಹೋಗುತ್ತದೆ. ನಮ್ಮ ಮಾಲೀಕ ಆಗಾಗ ಕಂಬೈನ್ ಹಿಂದೆ ಮಂಡಿಯೂರಿ, ಹೊಟ್ಟು ಸರಿಸಿ, ಒಂದು ಅಡಿ ಚೌಕದಲ್ಲಿ ಬಿದ್ದ ಕಾಳು ಎಣಿಸುತ್ತಿದ್ದ. ಇಪ್ಪತ್ತು ಕಾಳು ಸಿಕ್ಕರೆ ಎಕರೆಗೆ ಹೆಚ್ಚುಕಮ್ಮಿ ಒಂದು ಬುಶೆಲ್ ನಷ್ಟ. ಒಮ್ಮೆ ಅವನು ಒಂದು ಕಡೆ ಎಣಿಸುತ್ತಿದ್ದರೆ ರೈತ ಇನ್ನೊಂದು ಕಡೆ ಎಣಿಸುತ್ತಿದ್ದ, ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಟಿಸುತ್ತಾ. ಅವರ ಲೆಕ್ಕ ಹೊಂದುವವರೆಗೆ ನಾವು ಉಸಿರು ಬಿಡಲಿಲ್ಲ.

ಈ ಕೆಲಸ ಇವತ್ತಿನದಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಮ್ಯಾಸಿ-ಹ್ಯಾರಿಸ್ ಕಂಪನಿ ಐನೂರು ಹೊಸ ಕಂಬೈನ್ ಮಾಡಿ, ಹೀಗೇ ದಕ್ಷಿಣದಿಂದ ಉತ್ತರಕ್ಕೆ ಕೊಯ್ಯುತ್ತಾ ಹೋಗುವವರಿಗೆ ಮಾರಿತು. ಉಕ್ಕಿಗೂ ಆಳುಗಳಿಗೂ ಬರ ಇದ್ದ ಕಾಲ. ಹತ್ತು ಲಕ್ಷ ಎಕರೆಗೂ ಹೆಚ್ಚು ಕೊಯ್ದರು. ಈಗ ಮಷೀನು ದೊಡ್ಡದಾಗಿದೆ, ಕ್ಯಾಬಿನ್‌ಗೆ ಎಸಿ ಬಂದಿದೆ. ಮೋಡ ನೋಡಿ ಹೆದರುವುದು ಹಾಗೇ ಇದೆ.

ಮಲ್ಲಿಗೆಬಳ್ಳಿ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ. ಹದಿನೆಂಟುಚಕ್ರ ಅವರೇ, ನಿಮ್ಮದನ್ನು ಓದಿ ಮೊದಲು ಬೇಡವೇ ಬೇಡ ಅಂದುಕೊಂಡೆ. ಆಮೇಲೆ ಅದನ್ನೇ ಮಗನಿಗೆ ಓದಿ ಹೇಳಿದೆ. ಅವನು ಮಾಲೀಕರಿಗೆ ಫೋನ್ ಮಾಡಿ ವಿಮೆ ಕಾಗದ ಕೇಳಿದ. ನನಗೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಅಳುಕು. ಅವರು ಅದೇ ದಿನ ಕಳಿಸಿದರು, ಜೊತೆಗೆ "ಹೀಗೆ ಕೇಳಿದ ಅಮ್ಮ ನೀವೇ ಮೊದಲು" ಅಂದರಂತೆ. ಹೊಗಳಿದ್ದೋ ಚುಚ್ಚಿದ್ದೋ ಗೊತ್ತಾಗಲಿಲ್ಲ. ಕಳೆದ ವರ್ಷದ ಇಬ್ಬರಿಗೂ ಮಾತಾಡಿದ. ಒಬ್ಬ ಈ ವರ್ಷವೂ ಹೋಗುತ್ತಿದ್ದಾನೆ. ಇನ್ನೊಬ್ಬ ಹೋಗಲ್ಲ, ಆದರೆ ಮದುವೆ ಇದೆ ಅನ್ನುವ ಕಾರಣಕ್ಕೆ. ಲಾರಿ ಬೇಡ, ಗ್ರೇನ್ ಕಾರ್ಟ್ ಅಂತ ಒಪ್ಪಿಗೆ ಆಗಿದೆ. ಬೋನಸ್ ಅರ್ಧ.

ಇನ್ನೊಂದು ಚಿಕ್ಕ ಪ್ರಶ್ನೆ. ಏನು ಕಟ್ಟಿ ಕಳಿಸಲಿ?

ಬಿಸಿಲುಮಚ್ಚು:

ಚಿಕ್ಕ ಕುಕ್ಕರ್. ಹತ್ತಿಯ ಉದ್ದ ತೋಳಿನ ಹಳೇ ಅಂಗಿಗಳು, ಏಳಾದರೂ ಇರಲಿ. ಎರಡು ಜೊತೆ ಗಟ್ಟಿ ಬೂಟು, ಒಂದು ಒದ್ದೆಯಾದರೆ ಇನ್ನೊಂದು. ಕಿವಿಗೆ ಪ್ಲಗ್, ಗೊರಕೆ ಹೊಡೆಯುವವನು ಪ್ರತಿ ಟ್ರೇಲರ್‌ನಲ್ಲೂ ಒಬ್ಬ ಇದ್ದೇ ಇರುತ್ತಾನೆ. ಧೂಳಿಗೆ ಮಾಸ್ಕ್. ಒಂದು ದಪ್ಪ ಜಾಕೆಟ್ಟು, ಮೊಂಟಾನಾದಲ್ಲಿ ಆಗಸ್ಟ್ ರಾತ್ರಿ ತಣ್ಣಗಿರುತ್ತದೆ. ಜಾಸ್ತಿ ಸಾಮಾನು ಬೇಡ ರೀ, ಇಡಲು ಮಂಚದ ಕೆಳಗಿನ ಜಾಗ ಅಷ್ಟೇ.

ಮಲ್ಲಿಗೆಬಳ್ಳಿ:

ಜೂನ್ ಎರಡನೇ ವಾರ. ಹೇಗಿದ್ದಾನೆ ಅಂತ ಇಬ್ಬರು ಕೇಳಿದ್ದಿರಿ, ಅದಕ್ಕೆ ಬರೆಯುತ್ತಿದ್ದೇನೆ. ಈಗ ಒಕ್ಲಹೋಮಾದಲ್ಲಿ ಇದ್ದಾರೆ. ಮೊದಲ ವಾರ ನಾಲ್ಕು ದಿನ ಮಳೆ, ಒಂದು ಎಕರೆ ಕೊಯ್ಯಲಿಲ್ಲ. ಆ ನಾಲ್ಕು ದಿನ ಫೋನೋ ಫೋನು. ಗೊರಕೆಯವನು ಇವನ ಮೇಲಿನ ಮಂಚದಲ್ಲೇ ಇದ್ದಾನಂತೆ. ಆಮೇಲೆ ಬಿಸಿಲು ಬಂತು, ಫೋನು ನಿಂತಿತು. ಎರಡನೇ ದಿನ ಕೊಳವೆ ತಪ್ಪಿ ಸ್ವಲ್ಪ ಕಾಳು ನೆಲಕ್ಕೆ ಹಾಕಿದನಂತೆ. ಏನು ಮಾಡಿದರು ಅಂತ ಕೇಳಿದೆ. "ಸಲಿಕೆ ಕೊಟ್ಟರು ಅಮ್ಮ" ಅಂದ. ನನಗೆ ನಗು ತಡೆಯಲಾಗಲಿಲ್ಲ, ಯಾಕೆ ನಗುತ್ತೀಯಾ ಅಂತ ಅವನಿಗೆ ಸಿಟ್ಟು.

ಇವತ್ತು ಒಂಬತ್ತೂವರೆಗೆ ಸರಿಯಾಗಿ ಫೋನ್ ಮಾಡಿ ಪ್ಯಾಂಟಿನ ಗ್ರೀಸ್ ಕಲೆ ಹೇಗೆ ತೆಗೆಯುವುದು ಅಂತ ಕೇಳಿದ. ನನಗೆ ಗೊತ್ತಿದ್ದರೆ ತಾನೇ?

ಬಿಸಿಲುಮಚ್ಚು:

ಒಗೆಯುವ ಮೊದಲು ಪಾತ್ರೆ ತೊಳೆಯುವ ಸೋಪು ಕಲೆಯ ಮೇಲೆ ಹಾಕಿ ಉಜ್ಜಿ ಅರ್ಧ ಗಂಟೆ ಬಿಡಲಿ, ಆಮೇಲೆ ಬಿಸಿನೀರು. ಕಲೆ ಪೂರ್ತಿ ಹೋಗುವವರೆಗೆ ಡ್ರೈಯರ್‌ಗೆ ಹಾಕಬಾರದು, ಬಿಸಿಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಚೈನಿನ ಕಪ್ಪು ಎಣ್ಣೆ ಆಗಿದ್ದರೆ ಹೋಗಲ್ಲ, ಆ ಪ್ಯಾಂಟನ್ನು ಕೆಲಸಕ್ಕೇ ಇಟ್ಟುಕೊಳ್ಳಲಿ.